ಮಗನಿಗೆ ಬೈಕ್ ಬೇಡವಂತೆ, ಏಕೆ?

ಪ್ರಶ್ನೆ: ನಾನು ಅರಸೀಕೆರೆಯವನು, ವಯಸ್ಸು 51. ಮೂರು ವರ್ಷ ದುಡ್ಡು ಕೂಡಿಸಿ 1998ರಲ್ಲಿ ತೆಗೆದುಕೊಂಡ ಸ್ಪ್ಲೆಂಡರ್ ಬೈಕ್ ಇಂದಿಗೂ ನಮ್ಮ ಜಗಲಿಯಲ್ಲಿದೆ. ಭಾನುವಾರ ನಾನೇ ತೊಳೆದು ಒರೆಸುತ್ತೇನೆ. ಮಗನಿಗೆ ಈಗ ಇಪ್ಪತ್ತೆರಡು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಜಯನಗರದಲ್ಲಿ ಪಿಜಿ. ಹದಿನೆಂಟು ತುಂಬಿದ ದಿನವೇ ಬೈಕ್ ಕಲಿಸುತ್ತೇನೆ ಬಾ ಎಂದೆ. "ನನಗೆ ಬೇಡಪ್ಪ" ಎಂದ. ಇಂದಿಗೂ ಅದೇ ಮಾತು. ಅವನ ಗೆಳೆಯರಲ್ಲೂ ಬೈಕ್ ಓಡಿಸುವವರು ಒಬ್ಬಿಬ್ಬರು ಮಾತ್ರ. ಮಗಳು ಸ್ಕೂಟರಿನಲ್ಲಿ ಕಾಲೇಜಿಗೆ ಹೋಗಿಬರುತ್ತಾಳೆ, ಅದು ಬೇರೆ ವಿಷಯ. ನಾವು ಬೈಕಿನ ಬೀಗದ ಕೈಗಾಗಿ ಹಿರಿಯರ ಹಿಂದೆ ಸುತ್ತುತ್ತಿದ್ದೆವು. ಈಗಿನ ಹುಡುಗರಿಗೆ ಧೈರ್ಯ ಕಡಿಮೆಯಾಗಿದೆಯೇ? ಮೊಬೈಲ್ ಕಾರಣವೇ? ಈ ಗಾಡಿಯನ್ನು ಇನ್ನು ಯಾರಿಗಾಗಿ ಇಟ್ಟುಕೊಳ್ಳಲಿ, ಮಾರಿಬಿಡಲೇ?

ಉತ್ತರ: ಮಾರಬೇಡಿ. ಅದನ್ನು ಓಡಿಸುವವರು ನಿಮ್ಮ ಮನೆಯಲ್ಲೇ ಇದ್ದಾರೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮಗನ ಪರವಾಗಿ ನಾಲ್ಕು ಮಾತು ಆಡಬೇಕಾಗಿದೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೆ ಅವನ ಮೇಲೊಂದು ಆರೋಪ ಅಡಗಿದೆ. ಧೈರ್ಯ ಕಡಿಮೆಯಾಗಿದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಮೈಸೂರಿನಲ್ಲಿ ಹದಿನೆಂಟು ವರ್ಷ ಗ್ಯಾರೇಜ್ ನಡೆಸಿದೆ. ಆಮೇಲಿನ ಹನ್ನೆರಡು ವರ್ಷಗಳಿಂದ ಬೈಕ್ ಓಡಿಸುವುದನ್ನು ಕಲಿಸುತ್ತಿದ್ದೇನೆ. ಹೆದರಿ ಬೈಕ್ ಬಿಟ್ಟವರನ್ನು ಬೆರಳೆಣಿಕೆಯಷ್ಟು ಮಾತ್ರ ನೋಡಿದ್ದೇನೆ. ಕಲಿಸುವವರು ಸಿಗದೆ ಅದರ ಗೊಡವೆಯೇ ಬೇಡ ಎಂದುಕೊಂಡವರಿಗೆ ಲೆಕ್ಕವಿಲ್ಲ. ಕಲಿಯುವ ಮನಸ್ಸು ಕರಗುವ ಮೊದಲೇ ಕಲಿಸುವ ಕೈ ಇಲ್ಲವಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮಗೆ ಕಾಣುತ್ತಿರುವುದು ನಿಮ್ಮೂರಿನ ಸಂಗತಿ ಮಾತ್ರವಲ್ಲ. ದೇಶದೊಳಗೆ ದ್ವಿಚಕ್ರ ವಾಹನಗಳ ಮಾರಾಟ 2018-19ರಲ್ಲಿ ಸುಮಾರು 2.12 ಕೋಟಿ ಮುಟ್ಟಿತ್ತು. ಅಲ್ಲಿಂದ ಜಾರಿ 2021-22ಕ್ಕೆ 1.35 ಕೋಟಿಗೆ ಬಂತು. ಕೊರೊನಾ ಕಳೆದು, ಮಳೆಬೆಳೆ ಸುಧಾರಿಸಿ, 2024-25ಕ್ಕೆ ಮತ್ತೆ 1.96 ಕೋಟಿಗೆ ಏರಿತು. ಮೇಲುನೋಟಕ್ಕೆ ಗಾಯ ಮಾಗಿದಂತೆ ಕಾಣುತ್ತದೆ. ಒಳಗಿನ ಲೆಕ್ಕ ಬಿಡಿಸಿದರೆ ಬೇರೆಯೇ ಕಥೆ. ಆರು ವರ್ಷಗಳ ಹಿಂದಿನ 67 ಲಕ್ಷವನ್ನು ಸ್ಕೂಟರುಗಳು ದಾಟಿ 68 ಲಕ್ಷವನ್ನೂ ಮೀರಿದವು. ಮೋಟಾರ್ ಸೈಕಲ್ಲುಗಳು 1.36 ಕೋಟಿಯಿಂದ ಇಳಿದವು, ಮತ್ತೆ ಏರಿದರೂ 1.22 ಕೋಟಿಯ ಹತ್ತಿರವೇ ನಿಂತವು. ಈ ಆರು ವರ್ಷಗಳಲ್ಲಿ ಹದಿನೆಂಟು ತುಂಬಿದ ಮಕ್ಕಳು ಕೋಟಿಗಟ್ಟಲೆ. ಅಷ್ಟು ಜನ ಹೊಸದಾಗಿ ಬಂದರೂ ಬೈಕಿನ ಸಂಖ್ಯೆ ಹಿಂದಿನ ಮಟ್ಟಕ್ಕೆ ಏರಲಿಲ್ಲ. ಎರಡು ಚಕ್ರದ ಗಾಡಿಯನ್ನು ಯಾರೂ ತೊರೆದಿಲ್ಲ. ಜನ ದೂರವಾಗುತ್ತಿರುವುದು ಕ್ಲಚ್ಚು, ಗೇರು ಇರುವ ಗಾಡಿಯಿಂದ.

ನೀವು ಬೈಕ್ ಕಲಿತದ್ದು ಹೇಗೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಯಾವ ಶಾಲೆಗೂ ಹೋಗಿರಲಾರಿರಿ. ಅಣ್ಣನೋ, ಚಿಕ್ಕಪ್ಪನೋ, ಪಕ್ಕದ ಬೀದಿಯ ಗೆಳೆಯನೋ ಹಿಂದೆ ಕುಳಿತು "ಬಿಡು, ಬಿಡು, ನಿಧಾನ ಬಿಡು" ಎಂದು ಕೂಗಿರಬೇಕು.

ನನಗೆ ಕಲಿಸಿದ್ದು ಸೋದರಮಾವ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಕಾಲವದು. 1961ರಲ್ಲಿ ಅಲ್ಲಿಂದ ಜಾವಾ ಗಾಡಿಗಳು ಹೊರಬರತೊಡಗಿದವು; 1973ರಿಂದ ಯೆಜ್ಡಿ ಎಂಬ ಹೆಸರು ಬಂತು; 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಮಾವ ಅಲ್ಲಿ ಫಿಟ್ಟರ್. ಯೆಜ್ಡಿಯಲ್ಲಿ ಕಿಕ್ಕರ್ ಬೇರೆ, ಗೇರಿನ ಸರಳು ಬೇರೆ ಎಂದಿಲ್ಲ. ಎಡಗಡೆ ಒಂದೇ ಸರಳು. ಒಳಕ್ಕೆ ಒತ್ತಿ ಮೇಲೆತ್ತಿ ನಿಲ್ಲಿಸಿದರೆ ಅದು ಕಿಕ್ಕರ್. ಎಂಜಿನ್ ಹತ್ತಿದ ಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರ್. ಹೊಸಬರಿಗೆ ಅದನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸಲು ಆಗುವುದೇ ಇಲ್ಲ, ತೋರಿಸಲೇಬೇಕು. ಮೊದಲ ದಿನ ಗಾಡಿ ನನ್ನ ಕೈಯಲ್ಲಿ ಹತ್ತು ಸಲ ಬಂದ್ ಬಿದ್ದಿತು. ಹನ್ನೊಂದನೆಯ ಸಲ ಮಾವ ಹಿಂದಿನಿಂದ ತೋಳು ಚಾಚಿ, ಕ್ಲಚ್ ಹಿಡಿದಿದ್ದ ನನ್ನ ಎಡಗೈಯ ಮೇಲೆ ತಮ್ಮ ಕೈ ಇಟ್ಟರು. ಎರಡೂ ಕೈ ಸೇರಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟವು. ಎಂಜಿನ್ನಿನ ಸದ್ದು ತುಸು ಕುಗ್ಗಿತು, ಗಾಡಿ ಮಲಗಿದ್ದ ಎತ್ತು ಮೇಲೇಳುವಂತೆ ಒಮ್ಮೆ ಮಿಸುಕಿತು. "ಗೊತ್ತಾಯಿತೇನೋ? ಅಲ್ಲೇ ನಿಲ್ಲಿಸು" ಎಂದರು. ಆ ಒಂದು ಕ್ಷಣದಲ್ಲಿ ನನಗೆ ಬೈಕ್ ಬಂತು. ಆಮೇಲೆ ಕಲಿತದ್ದೆಲ್ಲ ಅದರ ಮುಂದುವರಿಕೆ.

ಹಾಫ್ ಕ್ಲಚ್ ಎಂದು ಗ್ಯಾರೇಜಿನವರು ಕರೆಯುವ ಈ ಹದ ಕೈಯಿಂದ ಕೈಗೆ ದಾಟಬೇಕಾದ ವಿದ್ಯೆ. ಹಿಟ್ಟಿನ ಹದದಂತೆ, ಬೆಲ್ಲದ ಪಾಕದಂತೆ. ಇಂತಹ ವಿದ್ಯೆ ಒಂದು ತಲೆಮಾರು ಕೈಬಿಟ್ಟರೆ ಮುಂದಿನವರಿಗೆ ಅದನ್ನು ಯಾರಿಂದ ಕೇಳಬೇಕೆಂದೇ ತಿಳಿಯುವುದಿಲ್ಲ.

ಕೊಂಡಿ ಕಳಚಿದ್ದು ಸದ್ದಿಲ್ಲದೆ. 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಗೇರಿಲ್ಲದ, ಗುಂಡಿ ಒತ್ತಿದರೆ ಹತ್ತುವ ಸ್ಕೂಟರನ್ನು ನಮ್ಮ ಊರುಗಳು ಮೊದಲ ಬಾರಿಗೆ ಕಂಡವು. 2001ರ ಹೊತ್ತಿಗೆ ಆಕ್ಟಿವಾ ಬಂತು, ಬರಬರುತ್ತಾ ಮನೆಯ ಗಾಡಿ ಎಂದರೆ ಅದೇ ಎಂಬಂತಾಯಿತು. 2013ರಲ್ಲಿ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೇ ಹೋಂಡಾ ಕಾರ್ಖಾನೆ ಶುರುವಾಯಿತು. ಹಿಂದೆ ಮನೆಗೊಂದು ಬೈಕ್, ಅದರ ಬೀಗದ ಕೈ ಅಪ್ಪನ ಜೇಬಿನಲ್ಲಿ. ಸ್ಕೂಟರ್ ಬಂದ ಮೇಲೆ ಅಮ್ಮ ತರಕಾರಿಗೆ ಹೋದರು, ಮಗಳು ಟ್ಯೂಷನ್ನಿಗೆ ಹೋದಳು, ಮಂಡಿನೋವಿನ ಅಜ್ಜ ಬ್ಯಾಂಕಿಗೆ ಹೋದರು. ಒಂದೇ ಗಾಡಿ ನಾಲ್ವರಿಗೆ. ಇದಕ್ಕಿಂತ ಒಳ್ಳೆಯದು ನಮ್ಮ ಬೀದಿಗಳಿಗೆ ಬೇರೆ ಆಗಿಲ್ಲ ಎಂದೇ ನಾನು ನಂಬಿದ್ದೇನೆ. ಸೀರೆಯುಟ್ಟು ಬೈಕ್ ಹತ್ತಲಾಗದೆ ಅರ್ಧ ಆಯಸ್ಸನ್ನು ಹಿಂದಿನ ಸೀಟಿನಲ್ಲಿ ಅಡ್ಡ ಕುಳಿತೇ ಕಳೆದ ಹೆಂಗಸರನ್ನು ನೋಡಿದವನು ನಾನು. ಆದರೆ ಆ ಮನೆಯಲ್ಲಿ ಬೆಳೆದ ಹುಡುಗನ ಕೈಗೆ ಮೊದಲು ಸಿಕ್ಕಿದ್ದೂ ಸ್ಕೂಟರೇ. ಅವನ ಎಡಗೈಗೆ ಕ್ಲಚ್ ಎಂಬುದೊಂದಿದೆ ಎಂಬುದೇ ತಿಳಿಯಲಿಲ್ಲ. ಈಗ ಬೆಂಗಳೂರಿನ ಕಂಪನಿಗಳೇ ಹೊರತರುತ್ತಿರುವ ವಿದ್ಯುತ್ ಸ್ಕೂಟರುಗಳಲ್ಲಂತೂ ಕಿಕ್ಕರ್ ಇಲ್ಲ, ಸದ್ದೂ ಇಲ್ಲ.

ಕಾನೂನೂ ಇದಕ್ಕೆ ತಕ್ಕಂತೆಯೇ ಇದೆ. ಆರ್‌ಟಿಒದಲ್ಲಿ ಗೇರ್ ಇಲ್ಲದ ದ್ವಿಚಕ್ರ ವಾಹನಕ್ಕೆ ಒಂದು ವರ್ಗ, ಗೇರ್ ಇರುವುದಕ್ಕೆ ಇನ್ನೊಂದು. ಸ್ಕೂಟರಿನಲ್ಲಿ ಎಂಟು ಹಾಕಿ ತೋರಿಸಿ ಮೊದಲನೆಯದನ್ನು ಪಡೆದರೆ ದಿನನಿತ್ಯದ ಓಡಾಟಕ್ಕೆ ಸಾಕು. ನಿಮ್ಮೂರಿನ ಡ್ರೈವಿಂಗ್ ಶಾಲೆಯ ಮುಂದೆ ನಿಂತು ವಿಚಾರಿಸಿ ನೋಡಿ. ಕಾರು ಕಲಿಸುತ್ತಾರೆ. ಬೈಕ್ ಎಂದರೆ ಹೆಚ್ಚಿನ ಕಡೆ ಸಿಗುವುದು ಎಲ್‌ಎಲ್, ಅಂದರೆ ಕಲಿಯುವವರ ಪರವಾನಗಿ, ಮಾಡಿಸಿಕೊಡುವ ಸೇವೆ, ಪರೀಕ್ಷೆಯ ದಿನಕ್ಕೊಂದು ಗಾಡಿ. ಕಲಿತುಕೊಂಡೇ ಬನ್ನಿ ಎನ್ನುತ್ತಾರೆ. ಎಲ್ಲಿ ಕಲಿಯಬೇಕು? ಮನೆಯಲ್ಲಿ ಸ್ಕೂಟರ್, ಅಣ್ಣನಿಗೆ ಬೈಕ್ ಬಾರದು, ಚಿಕ್ಕಪ್ಪ ಕಾರಿನಲ್ಲಿ ಓಡಾಡುತ್ತಾರೆ, ಅಪ್ಪನಿಗೆ ಬಿಡುವಿಲ್ಲ.

ದುಡ್ಡಿನ ಮಾತನ್ನೂ ಆಡಲೇಬೇಕು. 2018ರಿಂದ 2020ರವರೆಗಿನ ಎರಡು ವರ್ಷಗಳಲ್ಲಿ ಬೈಕಿನ ಬೆಲೆಯ ಮೇಲೆ ಒಂದರ ಹಿಂದೊಂದು ಭಾರ ಬಿತ್ತು. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಮೂರನೇ ವ್ಯಕ್ತಿ ವಿಮೆಯನ್ನು ಒಟ್ಟಿಗೆ ಕಟ್ಟಬೇಕಾಯಿತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಬೈಕಿಗೂ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. 2020ರ ಏಪ್ರಿಲ್‌ನಿಂದ ಹೊಗೆಯ ಮಿತಿಯನ್ನು ಬಿಗಿಗೊಳಿಸಿದ ಬಿಎಸ್6 ನಿಯಮ. ಇದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ, ಅದು ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ವಿಮೆಯೂ ಎಬಿಎಸ್ಸೂ ಜೀವ ಕಾಯುವ ಸಂಗತಿಗಳು, ಅವುಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ತಿಂಗಳಿಗೆ ಹದಿನೈದು ಸಾವಿರ ದುಡಿಯುವ ಹುಡುಗನಿಗೆ ಶೋರೂಮಿನ ಮೆಟ್ಟಿಲು ಒಮ್ಮೆಲೇ ಎರಡಡಿ ಎತ್ತರವಾಯಿತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿರುವುದು ನಿಜಕ್ಕೂ ಒಳ್ಳೆಯ ಸುದ್ದಿ. ಬೆಲೆ ಇಳಿದರೆ ಕೊಳ್ಳುವವರು ಬರುತ್ತಾರೆ. ಕಲಿಸುವವರು ಅದರಿಂದ ಬರುವುದಿಲ್ಲ.

ಹೊಸ ಬೈಕಿನ ಬೆಲೆಗಿಂತ ನನ್ನನ್ನು ಹೆಚ್ಚು ಕಾಡುವುದು ಹಳೆಯ ಬೈಕಿನ ಏಣಿ ಮುರಿದು ಬಿದ್ದದ್ದು. ನನ್ನ ಗ್ಯಾರೇಜಿಗೆ ಬರುತ್ತಿದ್ದ ಹುಡುಗರ ಮೊದಲ ಬೈಕ್ ಹೊಸದಾಗಿರುತ್ತಿರಲಿಲ್ಲ. ಮೂರು ಕೈ ಬದಲಾದ ಸಿಡಿ 100, ಸೈಲೆನ್ಸರ್ ತೂತಾದ ಸುಜುಕಿ, ಇಲ್ಲವೇ ಆರ್‌ಎಕ್ಸ್ 100. ಕೆಟ್ಟುನಿಂತರೆ ತಳ್ಳಿಕೊಂಡು ಬರುತ್ತಿದ್ದರು. ನಾನು ಕಾರ್ಬುರೇಟರ್ ಬಿಚ್ಚಿ, ಸೂಜಿಯಷ್ಟು ತೂತಿರುವ ಜೆಟ್ಟನ್ನು ಬೆಳಕಿಗೆ ಹಿಡಿದು, ಬಾಯಿಂದ ಊದಿ ಮತ್ತೆ ಕೂರಿಸುವಷ್ಟರಲ್ಲಿ ಅವರು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದರು. ಮೂರನೆಯ ಸಲ ಬಂದಾಗ "ನಾನೇ ಬಿಚ್ಚಲಾ ಸರ್?" ಎಂದು ಕೇಳುತ್ತಿದ್ದರು. ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುವುದನ್ನು ಹಾಗೆ ಕಲಿತ ಹುಡುಗರಲ್ಲಿ ಇಬ್ಬರು ಈಗ ಸ್ವಂತ ಗ್ಯಾರೇಜ್ ಇಟ್ಟಿದ್ದಾರೆ. ಬಿಎಸ್6 ಬಂದ ಮೇಲೆ ಕಾರ್ಬುರೇಟರಿನ ಜಾಗಕ್ಕೆ ಇಂಧನ ಚಿಮ್ಮಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿದೆ. ಹೊಗೆ ಕಡಿಮೆ, ಚಳಿಗಾಲದ ಬೆಳಿಗ್ಗೆಯೂ ಒಂದೇ ಒತ್ತಿಗೆ ಹತ್ತುತ್ತದೆ. ಆದರೆ ಮೀಟರಿನಲ್ಲಿ ಹಳದಿ ದೀಪ ಹೊತ್ತಿಕೊಂಡರೆ ಮರದ ಕೆಳಗಿನ ಮೆಕ್ಯಾನಿಕ್ ಕೈಚೆಲ್ಲುತ್ತಾನೆ; ಸರ್ವಿಸ್ ಸೆಂಟರಿನ ಗಾಜಿನ ಗೋಡೆಯಾಚೆ ಕುಳಿತು ಕಾಯಬೇಕು. ಹುಡುಗನ ಕೈಗೆ ಗ್ರೀಸ್ ಅಂಟುವುದೇ ಇಲ್ಲ. 1996ರಲ್ಲೇ ತಯಾರಿಕೆ ನಿಂತ ಆರ್‌ಎಕ್ಸ್ 100 ಈಗ ಹೊಸ ಬೈಕಿನ ಬೆಲೆಗೆ ಮಾರಾಟವಾಗುತ್ತಿದೆ. ಕೊಳ್ಳುವವರು ಹುಡುಗರಲ್ಲ, ನಮ್ಮ ನಿಮ್ಮ ವಯಸ್ಸಿನವರು.

ಇನ್ನು ಭಯದ ಮಾತು. ಅದು ಹುಡುಗರದಲ್ಲ, ಹೆತ್ತವರದು, ಮತ್ತು ಅದಕ್ಕೆ ಕಾರಣವಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ನನ್ನ ಬಳಿ ಕಲಿತ ಹುಡುಗನೊಬ್ಬ 2016ರಲ್ಲಿ ನಂಜನಗೂಡಿನ ರಸ್ತೆಯಲ್ಲಿ ಹೋಗಿಬಿಟ್ಟ. ಹೆಲ್ಮೆಟ್ ಹಾಕಿದ್ದ, ಪಟ್ಟಿ ಬಿಗಿದಿದ್ದ, ತನ್ನ ಬದಿಯಲ್ಲೇ ಇದ್ದ. ಲಾರಿಯೊಂದನ್ನು ಹಿಂದೆ ಹಾಕಲು ಎದುರಿನಿಂದ ಬಂದ ಕಾರು ಬಡಿಯಿತು. ಹನ್ನೊಂದನೆಯ ದಿನ ಅವರ ಮನೆಗೆ ಹೋದಾಗ ಅವನ ತಾಯಿ ನನ್ನನ್ನು ನೋಡಿ, "ನೀವು ಕಲಿಸದೇ ಇದ್ದಿದ್ದರೆ ಆಗುತ್ತಿತ್ತು" ಎಂದರು. ಆ ಮಾತಿಗೆ ಉತ್ತರ ನನ್ನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆರು ತಿಂಗಳು ಯಾರಿಗೂ ಕಲಿಸಲಿಲ್ಲ. ಮತ್ತೆ ಶುರು ಮಾಡಿದ್ದು ಒಂದೇ ಕಾರಣಕ್ಕೆ: ನಾನು ಕೈಕಟ್ಟಿ ಕುಳಿತರೂ ಹುಡುಗರು ರಸ್ತೆಗೆ ಇಳಿಯುತ್ತಲೇ ಇದ್ದರು, ತುರ್ತಿನಲ್ಲಿ ಬ್ರೇಕ್ ಹಿಡಿಯುವುದು ಹೇಗೆಂದು ತಿಳಿಯದೆ ಇಳಿಯುತ್ತಿದ್ದರು.

2019ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಇಲ್ಲವೇ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ತುಂಬುವವರೆಗೆ ಪರವಾನಗಿ ಇಲ್ಲ. ಈ ಕಾನೂನನ್ನು ನಾನು ಪೂರ್ತಿ ಬೆಂಬಲಿಸುತ್ತೇನೆ. ಹದಿನಾಲ್ಕರ ಹುಡುಗ ಮೂವರನ್ನು ಕೂರಿಸಿಕೊಂಡು ಹೋಗುವುದನ್ನು ಕಂಡು ಸಂತೋಷಪಡುವ ತಂದೆಯರ ಮೇಲೆ ನನಗೆ ಸಿಟ್ಟಿದೆ. ಆದರೆ ನಮ್ಮ ತಲೆಮಾರು ಕಲಿತದ್ದು ಹದಿನಾಲ್ಕು, ಹದಿನೈದರಲ್ಲೇ, ಕದ್ದುಮುಚ್ಚಿ. ಆ ತಪ್ಪು ದಾರಿಯನ್ನು ಸರಿಯಾಗಿಯೇ ಮುಚ್ಚಿದೆವು. ಅದರ ಬದಲಿಗೆ ಸರಿಯಾದ ದಾರಿಯೊಂದನ್ನು ತೆರೆಯಲಿಲ್ಲ. ಹದಿನೆಂಟು ತುಂಬುವ ಹೊತ್ತಿಗೆ ಹುಡುಗ ಬೇರೆ ಊರಿನ ಹಾಸ್ಟೆಲಿನಲ್ಲಿರುತ್ತಾನೆ. ಕಲಿಯುವ ವಯಸ್ಸಿನಲ್ಲಿ ಕಾನೂನು ಬೇಡ ಎನ್ನುತ್ತದೆ, ಕಾನೂನು ಒಪ್ಪುವ ವಯಸ್ಸಿನಲ್ಲಿ ಮನೆ ದೂರವಿರುತ್ತದೆ.

ಬಾಗಿಲು ಮುಚ್ಚಿ ದಾರಿ ತೆರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ಸಾಕ್ಷಿ. ಹೋಂಡಾ, ಯಮಹಾ, ಸುಜುಕಿ, ಕವಾಸಾಕಿ ನಾಲ್ಕೂ ಹುಟ್ಟಿದ ದೇಶ. ಅಲ್ಲಿ ಹದಿನಾರಕ್ಕೇ ಬೈಕ್ ಪರವಾನಗಿ ಪಡೆಯಲು ಕಾನೂನು ಬಿಡುತ್ತದೆ. ಎಪ್ಪತ್ತರ ದಶಕದಲ್ಲಿ ಹುಡುಗರ ಗುಂಪುಗಳು ಅಬ್ಬರದಿಂದ ಬೈಕ್ ಓಡಿಸತೊಡಗಿದವು, ಸಾವುಗಳೂ ಹೆಚ್ಚಾದವು. ಪ್ರೌಢಶಾಲೆಗಳ ಪೋಷಕ-ಶಿಕ್ಷಕ ಸಂಘಗಳ ರಾಷ್ಟ್ರೀಯ ಒಕ್ಕೂಟ 1982ರಲ್ಲಿ ಒಂದು ನಿರ್ಣಯ ಮಾಡಿತು: ಪರವಾನಗಿ ಪಡೆಯಲು ಬಿಡಬಾರದು, ಬೈಕ್ ಕೊಳ್ಳಲು ಬಿಡಬಾರದು, ಓಡಿಸಲು ಬಿಡಬಾರದು. ಮೂರು ಬೇಡಗಳ ಚಳವಳಿ ಎಂದು ಅದಕ್ಕೆ ಹೆಸರು. ಬಹಳಷ್ಟು ಶಾಲೆಗಳು ಅದನ್ನು ನಿಯಮವಾಗಿಯೇ ಪಾಲಿಸಿದವು. ಅದೇ 1982ರಲ್ಲಿ ಜಪಾನಿನೊಳಗೆ ಮಾರಾಟವಾದ ಬೈಕುಗಳು 32 ಲಕ್ಷಕ್ಕೂ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ 4 ಲಕ್ಷದ ಆಸುಪಾಸು. ಈ ಕುಸಿತಕ್ಕೆ ರೈಲು, ಸಣ್ಣ ಕಾರು, ಕಡಿಮೆಯಾದ ಮಕ್ಕಳ ಸಂಖ್ಯೆ ಎಲ್ಲವೂ ಕಾರಣ. ಆದರೆ ಶಾಲೆಗೆ ಶಾಲೆಯೇ ಕಲಿಯದೆ ಹೊರಬಿದ್ದದ್ದನ್ನು ಅವರು ಮರೆತಿಲ್ಲ. ಟೋಕಿಯೋದ ಪಕ್ಕದ ಸಾಯಿತಾಮಾ ಪ್ರಾಂತ್ಯ 2019ರಲ್ಲಿ ಆ ನಿಷೇಧವನ್ನು ಕೈಬಿಟ್ಟು, ಪರವಾನಗಿ ಪಡೆದ ವಿದ್ಯಾರ್ಥಿಗಳನ್ನು ಕರೆದು ಸುರಕ್ಷಿತ ಚಾಲನೆಯ ತರಬೇತಿ ಕೊಡಲು ಶುರು ಮಾಡಿತು. ಬೇಡ ಎನ್ನುವುದರಿಂದ ಬಾ, ಕಲಿಸುತ್ತೇನೆ ಎನ್ನುವುದಕ್ಕೆ ಬರಲು ಮೂವತ್ತೇಳು ವರ್ಷ ಬೇಕಾಯಿತು. ಅಮೆರಿಕದಲ್ಲಿ ಇನ್ನೊಂದು ಬಗೆ. 1990ರಲ್ಲಿ ಅಲ್ಲಿನ ಬೈಕ್ ಮಾಲೀಕರ ನಡುವಯಸ್ಸು 32 ಇತ್ತು, 2018ಕ್ಕೆ 50 ಆಯಿತು. ಅಪ್ಪಂದಿರು ಬೈಕ್ ಮೇಲೆಯೇ ಮುದುಕರಾದರು, ಹಿಂದೆ ಯಾರೂ ಬರಲಿಲ್ಲ.

ಈಗ ನಿಮ್ಮ ಮಗನ ದಿನಚರಿಗೆ ಬರುತ್ತೇನೆ. ಜಯನಗರದಲ್ಲಿದ್ದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವನು ಬೈಕ್ ಏಕೆ ಓಡಿಸಬೇಕು? 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಶುರುವಾಗಿದೆ, 19 ಕಿಲೋಮೀಟರ್. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಮೇಲೆ ಕುಳಿತು ಹಾಡು ಕೇಳುತ್ತಾ ದಾಟುವ ಅವಕಾಶ ಇರುವಾಗ, ಕೆಳಗೆ ಅದೇ ಜಂಕ್ಷನ್ನಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಬೆರಳು ಮರಗಟ್ಟಿಸಿಕೊಂಡು ನಿಲ್ಲಲು ನಾನೂ ಒಪ್ಪುವುದಿಲ್ಲ. ಪಿಜಿಯ ಮುಂದೆ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಸಿಕ್ಕರೂ ಬೆಳಗಾಗುವಷ್ಟರಲ್ಲಿ ಇರುತ್ತದೆಂಬ ಭರವಸೆಯಿಲ್ಲ. ನಿಮಗೆ 1998ರಲ್ಲಿ ಬೈಕ್ ಎಂದರೆ ಬಸ್ಸಿಗೆ ಕಾಯುವುದರಿಂದ ಬಿಡುಗಡೆ. ಅರಸೀಕೆರೆಯಿಂದ ಸಂತೆಗೆ, ತೋಟಕ್ಕೆ, ಮದುವೆ ಮನೆಗೆ ಹೋಗಲು ಬೇರೆ ದಾರಿ ಇರಲಿಲ್ಲ. ನಿಮ್ಮ ಮಗನಿಗೆ ಆ ಬಿಡುಗಡೆ ಬೇರೆ ಕಡೆಯಿಂದ ಸಿಕ್ಕಿದೆ.

ಬೆಂಗಳೂರಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಗಾಡಿಯ ಮೇಲೆಯೇ ಇರುವ ಹುಡುಗರೂ ಇದ್ದಾರೆ ಎಂಬುದನ್ನು ನಾವು ಮರೆಯುತ್ತೇವೆ. ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಊಟ, ದಿನಸಿ ತಲುಪಿಸುವವರು. ಅವರಲ್ಲಿ ಬಹಳಷ್ಟು ಮಂದಿ ನಿಮ್ಮ ಮಗನ ವಯಸ್ಸಿನವರೇ. ರಾಯಚೂರು, ಕಲಬುರಗಿ, ಚಿತ್ರದುರ್ಗದ ಕಡೆಯಿಂದ ಬಂದವರು. ಯುವಕರು ಬೈಕ್ ಬಿಟ್ಟರು ಎಂದು ನಾವು ಹೇಳುವಾಗ ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರ ಪಾಲಿಗೆ ಅದು ಕೂಲಿ. ಮಳೆಯಲ್ಲಿ ನೆಂದು, ಹತ್ತು ನಿಮಿಷದ ಗಡುವಿಗೆ ಓಡುವ ಅವರನ್ನು ಮೆಟ್ರೋದ ಕಿಟಕಿಯಿಂದ ನೋಡುವ ಹುಡುಗನಿಗೆ ಬೈಕ್ ಎಂದರೆ ಆಸೆ ಹುಟ್ಟುವುದಾದರೂ ಹೇಗೆ? ನಾನು ಕಲಿಸಿದವರಲ್ಲಿ ಅಂತಹ ಐದಾರು ಮಂದಿ ಇದ್ದಾರೆ. ಅವರಿಂದ ನಾನು ಹಣ ಪಡೆಯುವುದಿಲ್ಲ.

ಮೊಬೈಲ್ ಕಾರಣವೇ ಎಂದು ಕೇಳಿದ್ದೀರಿ. ಸ್ವಲ್ಪ ಇರಬಹುದು. ಗೆಳೆಯನನ್ನು ನೋಡಲು ಆರು ಕಿಲೋಮೀಟರ್ ಹೋಗಲೇಬೇಕು ಎಂಬ ಒತ್ತಡ ಈಗಿಲ್ಲ. ಆದರೆ ಲಡಾಖ್ ಯಾತ್ರೆಯ ವಿಡಿಯೋಗಳನ್ನು ಕಣ್ಣು ಮಿಟುಕಿಸದೆ ನೋಡುವವರೂ ಅದೇ ಹುಡುಗರು. ನೋಡಿ ಆಸೆಪಟ್ಟು, ಆಮೇಲೆ ಯಾರನ್ನು ಕೇಳಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ.

ಈಗ ನಿಮ್ಮ ಪತ್ರದ ಒಂದು ಸಾಲಿಗೆ ಬರುತ್ತೇನೆ. "ಮಗಳು ಸ್ಕೂಟರಿನಲ್ಲಿ ಕಾಲೇಜಿಗೆ ಹೋಗಿಬರುತ್ತಾಳೆ, ಅದು ಬೇರೆ ವಿಷಯ" ಎಂದು ಬರೆದಿದ್ದೀರಿ. ಅದು ಬೇರೆ ವಿಷಯವಲ್ಲ. ಬ್ಯಾಲೆನ್ಸ್ ಬಂದಿರುವವಳು, ಲಾರಿ ಬಸ್ಸುಗಳ ನಡುವೆ ದಿನವೂ ದಾರಿ ಮಾಡಿಕೊಳ್ಳುವವಳು, ಕನ್ನಡಿ ನೋಡಿ ತಿರುಗುವ ಅಭ್ಯಾಸ ಇರುವವಳು ನಿಮ್ಮ ಮನೆಯಲ್ಲೇ ಇದ್ದಾಳೆ. ನಾಲ್ಕು ವರ್ಷ ಮಗನನ್ನು ಕರೆದಿರಿ. ಅವಳನ್ನು ಒಮ್ಮೆಯಾದರೂ ಕೇಳಿದ್ದೀರಾ? ಈಚೆಗೆ ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. "ಅಣ್ಣನಿಗೆ ಕಲಿಸಿದರು, ನನ್ನನ್ನು ಯಾರೂ ಕೇಳಲಿಲ್ಲ" ಎಂಬ ಮಾತನ್ನು ಅವರಿಂದ ಎಷ್ಟೋ ಸಲ ಕೇಳಿದ್ದೇನೆ. ನಿಮ್ಮ ಸ್ಪ್ಲೆಂಡರ್ ಹಗುರ, ಸೀಟು ತಗ್ಗು, ಎಂಜಿನ್ ನೂರು ಸಿಸಿಯೂ ಇಲ್ಲ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿಯನ್ನು ನಾನು ಕಂಡಿಲ್ಲ.

ಅವಳು ಒಪ್ಪಿದರೆ ಮೊದಲು ಕಾಗದಪತ್ರ ನೋಡಿಕೊಳ್ಳಿ. ಹದಿನೈದು ವರ್ಷ ಕಳೆದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ನಿಮ್ಮದು 2013, 2018, 2023ರಲ್ಲಿ ಆಗಿರಬೇಕು, ಆಗಿದ್ದರೆ 2028ರವರೆಗೆ ಚಿಂತೆಯಿಲ್ಲ. ವಿಮೆ, ಹೊಗೆ ತಪಾಸಣೆಯ ಚೀಟಿ ಚಾಲ್ತಿಯಲ್ಲಿರಲಿ. ಅವಳ ಬಳಿ ಗೇರ್ ಇಲ್ಲದ ವಾಹನದ ಪರವಾನಗಿ ಮಾತ್ರ ಇದ್ದರೆ ಗೇರ್ ವರ್ಗ ಸೇರಿಸಲು ಹೊಸದಾಗಿ ಎಲ್‌ಎಲ್ ಮಾಡಿಸಬೇಕು; ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆ. ಗಾಡಿಯ ಕ್ಲಚ್ ಕೇಬಲ್ ಬದಲಾಯಿಸಿ, ಹಳೆಯ ಕೇಬಲ್ ಎಳೆ ಬಿಟ್ಟುಕೊಂಡು ಗಡಸಾಗಿರುತ್ತದೆ. ಬ್ರೇಕ್ ಶೂ ಹೊಸದು ಹಾಕಿಸಿ. ನಿಂತೇ ಇದ್ದ ಟೈರಿನ ಬದಿಯಲ್ಲಿ ಸಣ್ಣ ಬಿರುಕುಗಳಿದ್ದರೆ, ಮೇಲಿನ ಅಚ್ಚಿನ ಗೆರೆಗಳು ಎಷ್ಟೇ ಆಳವಿರಲಿ, ಆ ಟೈರ್ ಬೇಡ.

ಕಲಿಸುವಾಗ ಒಂದು ಅಪಾಯ ನಿಮ್ಮ ಗಮನದಲ್ಲಿರಲಿ. ಸ್ಕೂಟರ್ ಓಡಿಸಿದವರ ಎಡಗೈಗೆ ಇರುವುದು ಬ್ರೇಕ್. ಗಾಬರಿಯಾದಾಗ ಅವರ ಎಡಗೈ ತಾನಾಗಿ ಬಿಗಿಯುತ್ತದೆ. ಬೈಕಿನಲ್ಲಿ ಅಲ್ಲಿರುವುದು ಕ್ಲಚ್. ಅದನ್ನು ಹಿಡಿದರೆ ಗಾಡಿ ನಿಲ್ಲುವುದಿಲ್ಲ, ಎಂಜಿನ್ನಿನ ಹಿಡಿತವೂ ತಪ್ಪಿ ಹಾಗೆಯೇ ಸರಾಗವಾಗಿ ಮುಂದೆ ಹೋಗುತ್ತದೆ. ಆದ್ದರಿಂದ ಹೊರಡುವುದನ್ನು ಕಲಿಸುವ ಮೊದಲು ನಿಲ್ಲಿಸುವುದನ್ನು ಕಲಿಸಿ. ಎಂಜಿನ್ ಆರಿಸಿ, ಅವಳನ್ನು ಕೂರಿಸಿ, ಸಮತಟ್ಟಾದ ಮಣ್ಣಿನ ಮೈದಾನದಲ್ಲಿ ನೀವು ಹಿಂದಿನಿಂದ ತಳ್ಳಿ. ಅವಳು ಬಲಗಾಲು ಮತ್ತು ಬಲಗೈಯಿಂದ ಮಾತ್ರ ನಿಲ್ಲಿಸಬೇಕು. ಇಪ್ಪತ್ತು ಸಲ, ಮೂವತ್ತು ಸಲ. ಎಡಗೈ ಸುಮ್ಮನಿರುವುದನ್ನು ಕಲಿಯುವವರೆಗೆ ಮುಂದಿನ ಪಾಠ ಬೇಡ.

ಮರುದಿನ ಎಂಜಿನ್ ಹತ್ತಿಸಿ, ಮೊದಲ ಗೇರಿಗೆ ಹಾಕಿಸಿ. ಆಕ್ಸಿಲರೇಟರ್ ಮುಟ್ಟಲು ಬಿಡಬೇಡಿ. ಎರಡೂ ಕಾಲು ನೆಲದ ಮೇಲೇ ಇರಲಿ, ಕ್ಲಚ್ಚನ್ನು ಎಳೆ ಎಳೆಯಾಗಿ ಬಿಡಲಿ. ಗಾಡಿ ಮಿಸುಕಿದ ಕೂಡಲೇ ಮತ್ತೆ ಹಿಡಿಯಲಿ. ಮತ್ತೆ ಬಿಡಲಿ, ಮತ್ತೆ ಹಿಡಿಯಲಿ. ಅರ್ಧ ಗಂಟೆಯಲ್ಲಿ ಅವಳು ಬರೀ ಕ್ಲಚ್ಚಿನ ಬಲದಲ್ಲಿ ಗಾಡಿಯನ್ನು ನಡೆಸಿಕೊಂಡು ಹೋಗುತ್ತಾಳೆ, ಕಾಲು ತಾನಾಗಿ ಮೇಲೆ ಬರುತ್ತದೆ. ಗಾಡಿ ಹತ್ತು ಸಲ ಬಂದ್ ಬೀಳುತ್ತದೆ. ಆಗ ನೀವು ಕೂಗಬೇಡಿ. ಬೈಕ್ ಬಿಟ್ಟುಬಿಟ್ಟ ಎಷ್ಟೋ ಮಕ್ಕಳು ನನಗೆ ಹೇಳಿದ್ದು ಬಿದ್ದ ಪೆಟ್ಟಿನ ಕಥೆಯನ್ನಲ್ಲ, ಹಿಂದೆ ಕುಳಿತ ಅಪ್ಪ ಎಲ್ಲರೆದುರು ಬೈದದ್ದನ್ನು.

ಮಗನನ್ನು ಸದ್ಯ ಕರೆಯಲೇಬೇಡಿ. ಅವಳಿಗೆ ಪರವಾನಗಿ ಬಂದ ಮೇಲೆ, ಅವನು ರಜೆಗೆ ಊರಿಗೆ ಬರುವ ದಿನ, ಅರಸೀಕೆರೆ ಜಂಕ್ಷನ್ನಿನಿಂದ ಕರೆತರಲು ಅವಳನ್ನೇ ಸ್ಪ್ಲೆಂಡರಿನಲ್ಲಿ ಕಳಿಸಿ. ಅವನಿಗೂ ಒಂದು ಹೆಲ್ಮೆಟ್ ಕೊಟ್ಟು ಕಳಿಸಿ.